ಮೆಟ್ಟಿಲಿಗೆ ಒಂದು ರೂಪಾಯಿ: ದೇಹ ದಂಡಿಸಿ ಆನ್‌ಲೈನ್‌ನಲ್ಲಿ ದೇಣಿಗೆ ಕೂಡಿಸುವುದು ಹೇಗೆ

ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಬೆಳಗಿನಿಂದ ಸಂಜೆವರೆಗೆ ಹತ್ತಿ ಇಳಿದು ದೇಣಿಗೆ ಕೂಡಿಸಿದ ಮೇಲೆ ನನಗೆ ಬರುವ ಫೋನುಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. "ಮೇಡಂ, ನಾನೂ ಹೀಗೆ ಏನಾದ್ರೂ ಮಾಡ್ಬೇಕು ಅಂತಿದೀನಿ. ಎಷ್ಟು ಕಿಲೋಮೀಟರ್ ಇಟ್ಕೊಳ್ಳಲಿ?" ಕಿಲೋಮೀಟರ್ ಲೆಕ್ಕ ಆಮೇಲೆ. ಹಣ ಯಾರಿಗೆ, ಯಾಕೆ, ಮತ್ತೆ ಇದೇ ಕಷ್ಟ ಯಾಕೆ ಅನ್ನುವುದು ಮೊದಲು ಗೊತ್ತಾಗಬೇಕು. ಪ್ರತಿಯೊಬ್ಬರಿಗೂ ಫೋನಿನಲ್ಲಿ ಹೇಳುವುದನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ.

ನಾನು ಮೈಸೂರಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪಿ.ಟಿ. ಟೀಚರ್. ಅಮ್ಮನಿಗೆ ಕ್ಯಾನ್ಸರ್ ಜಾಸ್ತಿಯಾಗಿ, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಅಂತ ಡಾಕ್ಟರು ಹೇಳಿದ ಮೇಲೆ ವಾರ ವಾರ ಒಬ್ಬ ನರ್ಸ್ ಸ್ಕೂಟರಿನಲ್ಲಿ ಬರುತ್ತಿದ್ದರು. ಗಾಯ ತೊಳೆದು ಬ್ಯಾಂಡೇಜ್ ಬದಲಿಸುತ್ತಿದ್ದರು. ನೋವಿನ ಮಾತ್ರೆ ಯಾವಾಗ, ಎಷ್ಟು ಅಂತ ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸುತ್ತಿದ್ದರು. ಬೆನ್ನು ಹುಣ್ಣಾಗದ ಹಾಗೆ ಮಗ್ಗುಲು ಬದಲಿಸುವುದನ್ನು ನನಗೂ ತಂಗಿಗೂ ಕಲಿಸಿದರು. ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಪ್ಯಾಲಿಯೇಟಿವ್ ಕೇರ್, ಕನ್ನಡದಲ್ಲಿ ಉಪಶಮನ ಆರೈಕೆ ಅಂತಾರೆ ಇದಕ್ಕೆ. ಆ ಸ್ಕೂಟರಿಗೆ ಪೆಟ್ರೋಲನ್ನು ಯಾರೋ ಎಲ್ಲೋ ಕೂತು ಹಾಕಿಸುತ್ತಿದ್ದಾರಲ್ಲ ಅನ್ನುವ ಯೋಚನೆ ಅಮ್ಮ ಹೋದ ಮೇಲೂ ನನ್ನನ್ನು ಬಿಡಲಿಲ್ಲ. ನಾನು ಮೆಟ್ಟಿಲು ಹತ್ತಿದ್ದು ಅಂಥ ನರ್ಸುಗಳನ್ನು ಮನೆಗೆ ಕಳಿಸುವ ಸಂಸ್ಥೆಗಾಗಿ.

ಕಷ್ಟಕ್ಕೂ ಕಾರಣಕ್ಕೂ ನಂಟಿರಲಿ

ಬರೀ ಕಷ್ಟ ನೋಡಿ ಯಾರೂ ಹಣ ಕೊಡುವುದಿಲ್ಲ. ನೂರು ಕಿಲೋಮೀಟರ್ ನಡೆಯುತ್ತೇನೆ ಅಂದರೆ ಜನ 'ಶಹಬ್ಬಾಸ್' ಅಂತಾರೆ, ಲೈಕ್ ಒತ್ತುತ್ತಾರೆ, ಮುಂದಕ್ಕೆ ಹೋಗುತ್ತಾರೆ. ನೀವು ಪಡುವ ಕಷ್ಟಕ್ಕೂ ಹಣ ಹೋಗುವ ಜಾಗಕ್ಕೂ ಏನೋ ನಂಟಿದೆ ಅಂತ ಕಂಡಾಗಲೇ ಕೈ ಜೇಬಿಗೆ ಹೋಗುವುದು.

ಕೆನಡಾದ ಟೆರ್ರಿ ಫಾಕ್ಸ್ ಹೆಸರು ಕೇಳಿರುತ್ತೀರಿ. ಮೂಳೆ ಕ್ಯಾನ್ಸರಿನಿಂದ ಬಲಗಾಲು ಕಳೆದುಕೊಂಡ ಹುಡುಗ. 1980ರ ಏಪ್ರಿಲ್ 12ರಂದು ಸೇಂಟ್ ಜಾನ್ಸ್ ಊರಿನಲ್ಲಿ ಕೃತಕ ಕಾಲನ್ನು ಅಟ್ಲಾಂಟಿಕ್ ಸಮುದ್ರಕ್ಕೆ ಅದ್ದಿ, ದೇಶದ ಆಚೆ ತುದಿಗೆ ಓಡಲು ಹೊರಟರು. ದಿನಕ್ಕೆ ಹತ್ತಿರ ಹತ್ತಿರ ಒಂದು ಮ್ಯಾರಥಾನ್, ಅಂದರೆ 42 ಕಿಲೋಮೀಟರ್. 143 ದಿನ, 5,373 ಕಿಲೋಮೀಟರ್ ಓಡಿದರು. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದ್ದರಿಂದ ಥಂಡರ್ ಬೇ ಹತ್ತಿರ ನಿಲ್ಲಿಸಬೇಕಾಯಿತು. ಮುಂದಿನ ವರ್ಷ ಜೂನ್‌ನಲ್ಲಿ ತೀರಿಕೊಂಡಾಗ ಅವರಿಗೆ 22 ವರ್ಷ. ನನಗೆ ಈ ಕಥೆಯಲ್ಲಿ ತುಂಬಾ ಮುಖ್ಯ ಅನ್ನಿಸುವುದು ಪೋರ್ಟ್ ಓ ಬಾಸ್ಕ್ ಅನ್ನುವ ಸಣ್ಣ ಊರು. ಅಲ್ಲಿದ್ದದ್ದು ಹತ್ತು ಸಾವಿರದಷ್ಟು ಜನ, ಕೊಟ್ಟದ್ದು ಹತ್ತು ಸಾವಿರ ಡಾಲರ್. ತಲೆಗೊಂದು ಡಾಲರ್! ಆಮೇಲೆ ಟೆರ್ರಿ ಇಡೀ ದೇಶಕ್ಕೆ ಅದನ್ನೇ ಕೇಳಿದರು, ಪ್ರತಿ ಕೆನಡಿಯನ್ನನಿಂದ ಒಂದು ಡಾಲರ್. ದೇಶದ ಜನಸಂಖ್ಯೆ ಆಗ 2.4 ಕೋಟಿ. 1981ರ ಫೆಬ್ರವರಿಗೆ ಆ ಮೊತ್ತ ತುಂಬಿಯೇ ಬಿಟ್ಟಿತು.

ಇನ್ನೊಂದು, ನನ್ನ ಕೆಲಸಕ್ಕೆ ಹತ್ತಿರದ್ದು. ಇಂಗ್ಲೆಂಡಿನ ಡೆವನ್‌ನಲ್ಲಿ ಮ್ಯಾಕ್ಸ್ ವೂಸಿ ಅನ್ನುವ ಹತ್ತು ವರ್ಷದ ಹುಡುಗ. ಪಕ್ಕದ ಮನೆಯವರು ಕ್ಯಾನ್ಸರಿನಿಂದ ಸಾಯುವ ಮೊದಲು ಅವನಿಗೆ ತಮ್ಮ ಟೆಂಟ್ ಕೊಟ್ಟು, ಇದರಲ್ಲಿ ಒಂದು ಸಾಹಸ ಮಾಡು ಅಂದಿದ್ದರಂತೆ. 2020ರ ಮಾರ್ಚ್‌ನಲ್ಲಿ ಹುಡುಗ ಮನೆಯಂಗಳದಲ್ಲಿ ಟೆಂಟ್ ಹಾಕಿ ಮಲಗಲು ಶುರು ಮಾಡಿದ. ಮಳೆ, ಗಾಳಿ, ಚಳಿ ಅನ್ನದೆ ಮೂರು ವರ್ಷ ಹೊರಗೇ ಮಲಗಿದ. ಆ ನೆರೆಯವರನ್ನು ಕೊನೆಗಾಲದಲ್ಲಿ ನೋಡಿಕೊಂಡ ನಾರ್ತ್ ಡೆವನ್ ಹಾಸ್ಪಿಸ್‌ಗೆ ಏಳೂವರೆ ಲಕ್ಷ ಪೌಂಡಿಗೂ ಹೆಚ್ಚು ಹಣ ಬಂತು. ಓಟವಿಲ್ಲ, ಬೆಟ್ಟವಿಲ್ಲ. ಸುಮ್ನೆ ಟೆಂಟಿನಲ್ಲಿ ನಿದ್ದೆ. ಆದರೆ ಟೆಂಟ್ ಯಾರದ್ದು, ಹಣ ಯಾರಿಗೆ ಅಂತ ಕೇಳಿದ ಕೂಡಲೇ ಇಡೀ ಕಥೆ ಅರ್ಥವಾಗುತ್ತದೆ ಅಲ್ವಾ?

ರಗ್ಬಿ ಆಟಗಾರ ಕೆವಿನ್ ಸಿನ್‌ಫೀಲ್ಡ್ 2020ರ ಡಿಸೆಂಬರ್‌ನಲ್ಲಿ ಏಳು ದಿನ ಏಳು ಮ್ಯಾರಥಾನ್ ಓಡಿದರು. ಏಳೇ ಯಾಕೆ? ಸ್ನಾಯುಗಳ ಬಲ ಕುಂದಿಸುವ ಮೋಟಾರ್ ನ್ಯೂರಾನ್ ಕಾಯಿಲೆ ಬಂದಿದ್ದ ಅವರ ಗೆಳೆಯ ರಾಬ್ ಬರೋ ಅವರ ಜೆರ್ಸಿ ಸಂಖ್ಯೆ 7. ಗುರಿಯೂ 77,777 ಪೌಂಡ್. ಬಂದದ್ದು ಹತ್ತು ಲಕ್ಷ ದಾಟಿತು. ಲಾಯ್ಡ್ ಸ್ಕಾಟ್ ಅನ್ನುವ ಅಗ್ನಿಶಾಮಕ ದಳದವರು, ತಾವೇ ರಕ್ತದ ಕ್ಯಾನ್ಸರ್ ಗೆದ್ದು ಬಂದವರು, 2002ರ ಲಂಡನ್ ಮ್ಯಾರಥಾನ್ ಅನ್ನು ಹಳೇ ಕಾಲದ ಡೈವಿಂಗ್ ಸೂಟ್ ಹಾಕಿಕೊಂಡು ಮುಗಿಸಿದರು. ಸೂಟಿನ ತೂಕ 50 ಕಿಲೋಗೂ ಜಾಸ್ತಿ. ಐದು ದಿನಕ್ಕೂ ಮೀರಿ ಹಿಡಿಯಿತು. ಒಂದು ಫೋಟೋ ಸಾಕು, ವಿವರಣೆಯೇ ಬೇಡ.

ಹಾಗಂತ ಇದು ಹೊರದೇಶದಿಂದ ಬಂದ ಪದ್ಧತಿ ಅಂದುಕೊಳ್ಳಬೇಡಿ. ಉಡುಪಿಯ ರವಿ ಕಟಪಾಡಿ ದಿನಗೂಲಿಗೆ ಕಟ್ಟಡ ಕೆಲಸ ಮಾಡುವವರು. ಕೃಷ್ಣಾಷ್ಟಮಿ ಬಂದರೆ ಮೈಗೆಲ್ಲ ಬಣ್ಣ ಬಳಿದು, ಭಾರೀ ವೇಷ ಕಟ್ಟಿಕೊಂಡು ಬೀದಿಗಿಳಿಯುತ್ತಾರೆ. ಆ ವೇಷ ಒಮ್ಮೆ ಮೈಗೇರಿದರೆ ಬೇಕೆಂದಾಗ ಕಳಚುವ ಹಾಗಿಲ್ಲ. ಅದರೊಳಗೆ ಊಟ, ನಿದ್ದೆ ಎಲ್ಲ ಕಷ್ಟ. ಹೀಗೆ ವರ್ಷ ವರ್ಷ ಕೂಡಿಸಿ, ಕಾಯಿಲೆ ಬಿದ್ದ ಮಕ್ಕಳ ಚಿಕಿತ್ಸೆಗೆ ಒಂದು ಕೋಟಿ ರೂಪಾಯಿಗೂ ಹೆಚ್ಚು ಕೊಟ್ಟಿದ್ದಾರೆ. ಕರಾವಳಿಯಲ್ಲಿ ಅಷ್ಟಮಿಗೆ ವೇಷ ಹಾಕುವುದು ಹಳೆಯ ರೂಢಿ. ಅದನ್ನೇ ಹಿಡಿದು ಮಕ್ಕಳಿಗೆ ತಿರುಗಿಸಿದರು. ನಮ್ಮಲ್ಲಿ ದೇಹ ದಂಡಿಸುವ ಹರಕೆಗೆ ಕೊರತೆಯೇ ಇಲ್ಲ. ಉತ್ತರ ಕರ್ನಾಟಕದಿಂದ ಯುಗಾದಿ ಹೊತ್ತಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರಲ್ಲಿ ಮರಗಾಲು ಕಟ್ಟಿಕೊಂಡು ನಡೆಯುವವರೂ ಇದ್ದಾರೆ. ಶಿವರಾತ್ರಿಗೆ ಧರ್ಮಸ್ಥಳದ ದಾರಿ ನೋಡಿ, ಜನವೋ ಜನ. ಇಂಥ ದಾರಿಗಳಲ್ಲಿ ಮಜ್ಜಿಗೆ, ಹಣ್ಣು ಹಿಡಿದು ನಿಲ್ಲುವ ಊರಿನವರನ್ನು ನೋಡಿದ್ದರೆ ನಿಮಗೆ ಗೊತ್ತು, ನಡೆಯಲಾಗದವರೂ ನಡೆಯುವವರ ಜೊತೆ ಸೇರಿಕೊಳ್ಳಲು ಒಂದು ದಾರಿ ಹುಡುಕುತ್ತಾರೆ. ನಿಮ್ಮ ದೇಣಿಗೆ ಪುಟ ಅವರಿಗೆ ಆ ದಾರಿ ಆಗಬೇಕು.

ಒಂದೇ ಉಸಿರಿಗೆ ಹೇಳುವಂತಿರಲಿ

ಚಾಮುಂಡಿ ಬೆಟ್ಟದ ಮೆಟ್ಟಿಲು ಸಾವಿರದ ಎಂಟು ಅಂತ ಮೈಸೂರಿನ ಮಗುವಿಗೂ ಗೊತ್ತು. ದೊಡ್ಡ ದೇವರಾಜ ಒಡೆಯರ ಕಾಲದ್ದು, ಹದಿನೇಳನೇ ಶತಮಾನ. ನಾನು ಅಭ್ಯಾಸಕ್ಕೆ ಹೋಗುವಾಗ ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವ ಹೆಂಗಸರು ಸಿಗುತ್ತಿದ್ದರು. ಎಡಗೈಯಲ್ಲಿ ಎರಡು ಬಟ್ಟಲು. ಬಗ್ಗಿ, ಬಲಗೈ ಬೆರಳಲ್ಲಿ ಅರಿಶಿನ ಒಂದು ಬೊಟ್ಟು, ಅದರ ಮೇಲೆ ಕುಂಕುಮ, ಏಳುವುದು, ಮುಂದಿನ ಮೆಟ್ಟಿಲು. ನಾನು ಮೇಲೆ ಹೋಗಿ ಇಳಿದು ಬರುವಾಗಲೂ ಅವರು ಅರ್ಧ ದಾರಿಯಲ್ಲೇ ಇರುತ್ತಿದ್ದರು. ಒಂದು ಮೆಟ್ಟಿಲನ್ನೂ ಬಿಡುತ್ತಿರಲಿಲ್ಲ. ಒಮ್ಮೆ ಒಬ್ಬ ಅಜ್ಜಿಯನ್ನು ಕೇಳಿದೆ, ಸುಸ್ತಾಗಲ್ವಾ ಅಂತ. "ಎಲ್ಲಾ ಒಟ್ಟಿಗೆ ಲೆಕ್ಕ ಹಾಕಿದ್ರೆ ಸುಸ್ತಾಗತ್ತೆ ಕಣಮ್ಮ. ನಂಗೆ ಈ ಮೆಟ್ಲು ಒಂದೇ" ಅಂದರು.

ನನ್ನ ಇಡೀ ಲೆಕ್ಕ ಅಲ್ಲೇ ಸಿಕ್ಕಿತು. ಮೆಟ್ಟಿಲಿಗೆ ಒಂದು ರೂಪಾಯಿ. ಒಂದು ಸಲ ಹತ್ತಿದರೆ 1,008 ರೂಪಾಯಿ. ಒಬ್ಬರು ಒಂದು ಸಲದ ಹತ್ತುವಿಕೆಯನ್ನು ಪೂರ್ತಿ ತಮ್ಮ ಹೆಸರಿಗೆ ತೆಗೆದುಕೊಳ್ಳಬಹುದು, ನಾಲ್ಕು ಜನ ಸೇರಿ ತಲಾ 252 ಕೊಡಬಹುದು, ನಮ್ಮ ಶಾಲೆಯ ಮಗು ಹತ್ತು ಮೆಟ್ಟಿಲಿಗೆ ಹತ್ತು ರೂಪಾಯಿ ಕೊಡಬಹುದು.

ನೀವೂ ಇಂಥ ಒಂದು ಅಳತೆ ಹುಡುಕಿ. ನಿಮ್ಮೂರಿನ ಕೆರೆ ಏರಿಯ ಸುತ್ತಾಗಲಿ, ಬಾವಿಯಿಂದ ಸೇದುವ ಕೊಡವಾಗಲಿ, ರಾತ್ರಿ ಪೂರ್ತಿ ನೂಲುವ ಚರಕವಾಗಲಿ. ನೀರಿನ ಕೆಲಸಕ್ಕೆ ದುಡ್ಡು ಬೇಕಾದರೆ ಕೊಡ ಹೊತ್ತು ನಡೆಯಿರಿ. ಅಂಧ ಮಕ್ಕಳ ಶಾಲೆಗೆ ಬೇಕಾದರೆ ಕಣ್ಣಿಗೆ ಪಟ್ಟಿ ಕಟ್ಟಿ ಓಡುವ ಯೋಚನೆ ಬರುತ್ತದೆ, ಅದನ್ನು ಬಿಡಿ. ಕಣ್ಣು ಕಾಣದವರ ಬದುಕನ್ನು ಒಂದು ದಿನದ ಆಟ ಮಾಡಿದ ಹಾಗಾಗುತ್ತದೆ. ಅದರ ಬದಲು ದೃಷ್ಟಿ ಇಲ್ಲದ ಓಟಗಾರರೊಬ್ಬರ ಜೊತೆ ದಾರ ಹಿಡಿದು ಗೈಡ್ ಆಗಿ ಓಡಿ. ಕಷ್ಟ ನಿಮ್ಮದು, ಮುಂದಿರುವವರು ಅವರು.

ಒಂದು ಎಚ್ಚರಿಕೆ. ಎವರೆಸ್ಟಿಂಗ್ ಅಂತ ಒಂದಿದೆ. ಒಂದೇ ಗುಡ್ಡವನ್ನು ಮತ್ತೆ ಮತ್ತೆ ಹತ್ತಿ, ಒಟ್ಟು ಎತ್ತರ 8,848 ಮೀಟರ್ ಆಗುವವರೆಗೆ ನಿಲ್ಲಿಸಬಾರದು. ನಂದಿ ಬೆಟ್ಟದಲ್ಲಿ ಸೈಕಲ್ಲಿನವರು ಮಾಡಿದ್ದಾರೆ. ಚಾಮುಂಡಿ ಬೆಟ್ಟ ಊರಿಗಿಂತ ಮುನ್ನೂರು ಮೀಟರಿನಷ್ಟು ಎತ್ತರ, ಅಂದರೆ ಮೂವತ್ತು ಸಲದ ಆಸುಪಾಸು ಹತ್ತಬೇಕು. ಕೇಳಲು ಚೆಂದ. ಆದರೆ ವರ್ಷಗಟ್ಟಲೆ ಅಭ್ಯಾಸ ಇಲ್ಲದವರು ಇದಕ್ಕೆ ಕೈ ಹಾಕಬೇಡಿ. ಸಂಖ್ಯೆಯನ್ನು ಮೊದಲೇ ಘೋಷಿಸುವುದಕ್ಕಿಂತ 'ಸೂರ್ಯ ಹುಟ್ಟಿದಾಗಿಂದ ಮುಳುಗುವವರೆಗೆ' ಅನ್ನುವಂಥ ಗಡಿ ಒಳ್ಳೆಯದು. ಎಷ್ಟು ಸಲ ಆದರೂ ಮಾತು ಉಳಿಸಿಕೊಂಡ ಹಾಗಾಗುತ್ತದೆ.

ಹಣ ನಿಮ್ಮ ಕೈಗೆ ಬರಬಾರದು

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ.

ದೇಣಿಗೆ ನಿಮ್ಮ ಸ್ವಂತ ಖಾತೆಗೆ ಅಥವಾ ನಿಮ್ಮ ಫೋನ್‌ಪೇ, ಗೂಗಲ್‌ಪೇಗೆ ಬರಬಾರದು. 'ಆಮೇಲೆ ನಾನೇ ಒಟ್ಟಿಗೆ ಕೊಡುತ್ತೇನೆ' ಅನ್ನುವುದು ಎಷ್ಟೇ ಪ್ರಾಮಾಣಿಕವಾಗಿದ್ದರೂ ಬೇಡ. ಒಬ್ಬರಿಗೆ ಅನುಮಾನ ಬಂದರೆ ಸಾಕು, ಊರೆಲ್ಲ ಹಬ್ಬುತ್ತದೆ. ನೀವು ಯಾರಿಗಾಗಿ ಹಣ ಕೂಡಿಸುತ್ತೀರೋ ಆ ಸಂಸ್ಥೆಯ ಹೆಸರಿನ ಕ್ಯುಆರ್ ಕೋಡ್ ಹಾಕಿ. ಇಲ್ಲವೇ ಮಿಲಾಪ್, ಕೆಟ್ಟೊ, ಗಿವ್ ಥರದ ವೇದಿಕೆಯಲ್ಲಿ, ಹಣ ನೇರವಾಗಿ ಸಂಸ್ಥೆಗೆ ಹೋಗುವ ಹಾಗೆ ಪುಟ ತೆರೆಯಿರಿ. ಸ್ಕ್ಯಾನ್ ಮಾಡಿದಾಗ ಪರದೆ ಮೇಲೆ ಯಾವ ಹೆಸರು ಬರುತ್ತದೆ ಅಂತ ಪೋಸ್ಟಿನಲ್ಲೇ ಬರೆಯಿರಿ. 'ಬೇರೆ ಹೆಸರು ಬಂದರೆ ಹಣ ಹಾಕಬೇಡಿ' ಅಂತಲೂ ಸೇರಿಸಿ. ಪೋಸ್ಟರಿನ ಕ್ಯುಆರ್ ಬದಲಾಯಿಸಿ ಮತ್ತೆ ಹಂಚುವ ಕಳ್ಳರಿದ್ದಾರೆ.

ಕೆಲವು ವೇದಿಕೆಗಳಲ್ಲಿ ದೇಣಿಗೆ ಜೊತೆಗೆ ವೇದಿಕೆಗೆ ಅಂತ 'ಟಿಪ್' ತಾನಾಗಿಯೇ ಸೇರಿಕೊಂಡಿರುತ್ತದೆ. ಅದನ್ನು ಸೊನ್ನೆ ಮಾಡಬಹುದು. ಹೇಗೆ ಅಂತ ಒಂದು ಸ್ಕ್ರೀನ್‌ಶಾಟ್ ಹಾಕಿಬಿಡಿ. ಸಾವಿರ ಕೊಡಲು ಹೋಗಿ ಸಾವಿರದ ನೂರು ಕಡಿತವಾದರೆ ಜನ ಬೇಸರ ಮಾಡಿಕೊಳ್ಳುವುದು ನಿಮ್ಮ ಮೇಲೆ.

ಸಂಸ್ಥೆಗೆ ಹೋಗಿ ಕೂತು ಮಾತಾಡಿ. ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡುವ, 12ಎ ಅಂತ ಕರೆಯುವ ನೋಂದಣಿ ಅವರಿಗೆ ಇದೆಯಾ, ದೇಣಿಗೆ ಕೊಟ್ಟವರಿಗೆ ಸಿಗುವ, 80ಜಿ ಅಂತ ಎಲ್ಲರೂ ಕರೆಯುವ ತೆರಿಗೆ ವಿನಾಯಿತಿ ಇದೆಯಾ ಕೇಳಿ, ಪತ್ರ ನೋಡಿ. ಕೊಡುವವರಿಗೆ ಇದರಲ್ಲಿ ಮೂರು ವಿಷಯ ಗೊತ್ತಿರಬೇಕು. ಸರ್ಟಿಫಿಕೇಟ್ ಬೇಕಾದರೆ ಪ್ಯಾನ್ ಸಂಖ್ಯೆ ಕೊಡಬೇಕು. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ವಿನಾಯಿತಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ವಿನಾಯಿತಿಯೇ ಇಲ್ಲ. ಕೊನೆಯದನ್ನು ಮುಚ್ಚಿಡಬೇಡಿ, ಮಾರ್ಚ್‌ನಲ್ಲಿ ಗೊತ್ತಾಗಿ ಜಗಳ ಬೇಡ.

ಹೊರದೇಶದ ಹಣದ ವಿಷಯ ಇನ್ನೂ ಸೂಕ್ಷ್ಮ. ನಮ್ಮ ಮನೆಗಳಲ್ಲಿ ಅಮೆರಿಕದಲ್ಲೋ ಸಿಂಗಪುರದಲ್ಲೋ ಯಾರಾದರೂ ಇದ್ದೇ ಇರುತ್ತಾರೆ, ಅವರೇ ಮೊದಲು ಕೊಡಲು ಮುಂದೆ ಬರುವುದು. ಅಲ್ಲಿರುವ ಅಣ್ಣನ ಕೈಯಲ್ಲಿ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದರೆ, ಬ್ಯಾಂಕ್ ಮೂಲಕ ತನ್ನ ಉಳಿತಾಯದಿಂದ ಕೊಟ್ಟದ್ದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಅಲ್ಲಿನ ಪೌರತ್ವ ತೆಗೆದುಕೊಂಡು ಓಸಿಐ ಕಾರ್ಡ್ ಇರುವ ಅಕ್ಕನದ್ದು ವಿದೇಶಿ ದೇಣಿಗೆ. ಅದನ್ನು ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಮುಂಚಿನ ಅನುಮತಿ ಇರುವ ಸಂಸ್ಥೆ ಮಾತ್ರ ಪಡೆಯಬಹುದು. ಅದೂ ದೆಹಲಿಯ ಸಂಸತ್ ಮಾರ್ಗದಲ್ಲಿರುವ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನಿಮ್ಮ ಸಂಸ್ಥೆಗೆ ಆ ನೋಂದಣಿ ಇಲ್ಲದಿದ್ದರೆ ಪೋಸ್ಟಿನಲ್ಲಿ ಸ್ಪಷ್ಟವಾಗಿ ಬರೆಯಿರಿ. ಒಂದು ತಪ್ಪು ಜಮಾ ಸಂಸ್ಥೆಗೆ ದೊಡ್ಡ ತಲೆನೋವು ತರುತ್ತದೆ.

ಸರ್ಕಾರಿ ನೌಕರರು ಚಂದಾ ಎತ್ತಲು ಇಲಾಖೆಯ ಅನುಮತಿ ಮುಂಚೆಯೇ ಬೇಕು. ನಾನು ಅರ್ಜಿ ಹಾಕಿ, ಪತ್ರ ಕೈಗೆ ಬಂದ ಮೇಲೇ ಪುಟ ತೆರೆದದ್ದು.

ಇನ್ನೊಂದು ಮಾತು. ಸ್ವಲ್ಪ ಹೆಸರು ಬಂದ ಕೂಡಲೇ 'ನಾವೇ ಒಂದು ಟ್ರಸ್ಟ್ ಮಾಡೋಣ' ಅನ್ನುವವರು ಸುತ್ತ ಸೇರುತ್ತಾರೆ. ಬ್ರಿಟನ್ನಿನ ಕ್ಯಾಪ್ಟನ್ ಟಾಮ್ ಮೂರ್ ಅವರನ್ನು ನೆನೆಸಿಕೊಳ್ಳಿ. 2020ರ ಏಪ್ರಿಲ್‌ನಲ್ಲಿ, ನೂರು ವರ್ಷ ತುಂಬುವ ಮುಂಚೆ, ವಾಕರ್ ಹಿಡಿದು ತಮ್ಮ ಮನೆಯಂಗಳದಲ್ಲಿ ನೂರು ಸುತ್ತು ಹಾಕಿದರು. ಒಂದು ಸುತ್ತು 25 ಮೀಟರ್. ಕೇಳಿದ್ದು ಸಾವಿರ ಪೌಂಡ್, ಬಂದದ್ದು 3.2 ಕೋಟಿ ಪೌಂಡಿಗೂ ಹೆಚ್ಚು. ಅಷ್ಟೂ ಅಲ್ಲಿನ ಸರ್ಕಾರಿ ಆಸ್ಪತ್ರೆಗಳಿಗೆ ನೆರವಾಗಲು ಆಗಲೇ ಇದ್ದ ಎನ್‌ಎಚ್‌ಎಸ್ ಚಾರಿಟೀಸ್ ಟುಗೆದರ್‌ಗೆ ಹೋಯಿತು, ಅದರ ಬಗ್ಗೆ ಯಾರೂ ಬೆರಳು ತೋರಿಸಲಿಲ್ಲ. ತಕರಾರು ಬಂದದ್ದು ಆಮೇಲೆ ಅವರ ಹೆಸರಿನಲ್ಲಿ ಹುಟ್ಟಿದ ಪ್ರತಿಷ್ಠಾನದ ವಿಷಯದಲ್ಲಿ. ಅದರ ಆಡಳಿತದಲ್ಲಿ ದುರ್ವರ್ತನೆ ನಡೆದಿದೆ ಎಂದು ದತ್ತಿ ಸಂಸ್ಥೆಗಳ ಮೇಲೆ ಕಣ್ಣಿಡುವ ಅಲ್ಲಿನ ಚಾರಿಟಿ ಕಮಿಷನ್ 2024ರಲ್ಲಿ ವರದಿ ಕೊಟ್ಟಿತು. ಆ ಹಿರಿಯರ ಹೆಸರಿಗೆ ಹಾಗಾದದ್ದು ನನಗೆ ಈಗಲೂ ಸಂಕಟ. ಕೆಲಸ ಗೊತ್ತಿರುವ ಸಂಸ್ಥೆ ಊರಿನಲ್ಲಿ ಇರುವಾಗ ಹೊಸ ಟ್ರಸ್ಟ್ ಬೇಡ.

ಕೇಳುವುದನ್ನೂ ಅಭ್ಯಾಸ ಮಾಡಬೇಕು

ಬೆಟ್ಟ ಹತ್ತುವುದಕ್ಕಿಂತ ಕೈ ಚಾಚುವುದು ಕಷ್ಟ. ಸಂಕೋಚ ಆಗುತ್ತದೆ, ಸಹಜ. ಆದರೆ ನಿಮಗೆ ಅಂತ ಕೇಳುತ್ತಿಲ್ಲವಲ್ಲ.

ಖಾಲಿ ಪುಟಕ್ಕೆ ಮೊದಲ ದೇಣಿಗೆ ಹಾಕಲು ಯಾರೂ ಇಷ್ಟಪಡುವುದಿಲ್ಲ. ಪುಟ ತೆರೆದು ಸಾರ್ವಜನಿಕವಾಗಿ ಹಂಚುವ ಮೊದಲು ನೀವು, ನಿಮ್ಮ ಮನೆಯವರು, ಹತ್ತಿರದ ಗೆಳೆಯರು ಹಾಕಿಬಿಡಿ. ಮೊದಲ ಮೊತ್ತವೇ ಮುಂದಿನವರಿಗೆ ಅಳತೆ. ಆಮೇಲೆ ವಾಟ್ಸ್ಆ್ಯಪ್ ಗುಂಪುಗಳಿಗೆ ಸುರಿಯಬೇಡಿ. ಗುಂಪಿನಲ್ಲಿ ಬಂದದ್ದನ್ನು ಎಲ್ಲರೂ ನೋಡುತ್ತಾರೆ, ಯಾರೂ ತನಗೆ ಹೇಳಿದ್ದು ಅಂದುಕೊಳ್ಳುವುದಿಲ್ಲ. ಒಬ್ಬೊಬ್ಬರಿಗೇ, ಹೆಸರು ಹಿಡಿದು ಬರೆಯಿರಿ. ನಾನು ಬರೆಯುತ್ತಿದ್ದದ್ದು ಹೀಗೆ:

"ಸುಮಕ್ಕ, ಹೇಗಿದ್ದೀರಿ? ಅಮ್ಮನ ಕೊನೆ ದಿನಗಳಲ್ಲಿ ಮನೆಗೆ ಬರುತ್ತಿದ್ದ ನರ್ಸ್ ನಿಮಗೆ ನೆನಪಿರಬಹುದು. ಅವರಂಥವರು ಇನ್ನಷ್ಟು ಮನೆಗೆ ಹೋಗಲಿ ಅಂತ ನಾನು ಒಂದು ದಿನ ಪೂರ್ತಿ ಚಾಮುಂಡಿ ಮೆಟ್ಟಿಲು ಹತ್ತುತ್ತಿದ್ದೇನೆ. ಮೆಟ್ಟಿಲಿಗೆ ಒಂದು ರೂಪಾಯಿ. ನಿಮಗೆ ಎಷ್ಟು ಮೆಟ್ಟಿಲು ಬೇಕೋ ಅಷ್ಟು ತೆಗೆದುಕೊಳ್ಳಿ. ಹಣ ನೇರ ಸಂಸ್ಥೆಗೆ ಹೋಗುತ್ತದೆ. ಆಗದಿದ್ದರೆ ಖಂಡಿತ ಬೇಸರವಿಲ್ಲ, ಇನ್ನೊಬ್ಬರಿಗೆ ಹೇಳಿದರೂ ಸಾಕು."

ಇಷ್ಟೇ. ಉದ್ದ ಬೇಡ. ಉತ್ತರ ಬರದಿದ್ದರೆ ಒಂದೇ ಒಂದು ಸಲ ನೆನಪಿಸಿ, ಅದೂ ಹಿಂದಿನ ದಿನ. ಗುರಿ ಮೊತ್ತಕ್ಕೆ ಒಂದು ಮುಖ ಕೊಡಿ. ನರ್ಸ್ ಒಂದು ಸಲ ಮನೆಗೆ ಹೋಗಿ ಬರಲು ಏನು ಖರ್ಚು, ಬೆನ್ನು ಹುಣ್ಣಾಗದ ಏರ್ ಬೆಡ್ ಒಂದಕ್ಕೆ ಎಷ್ಟು ಅಂತ ಸಂಸ್ಥೆಯಿಂದಲೇ ತಿಳಿದು ಬರೆಯಿರಿ. ಆದರೆ ರೋಗಿಯ ಫೋಟೋ ಹಾಕಬೇಡಿ. ಹಾಸಿಗೆ ಹಿಡಿದವರ ಮುಖ ತೋರಿಸಿದರೆ ಹಣ ಜಾಸ್ತಿ ಬರಬಹುದು. ನಮ್ಮ ಅಮ್ಮನ ಫೋಟೋವನ್ನು ಯಾರಾದರೂ ಹಾಗೆ ಹಾಕಿದ್ದರೆ ನಾನು ಒಪ್ಪುತ್ತಿರಲಿಲ್ಲ.

ಕೊಡುವವರಿಗೆ ತಮ್ಮವರ ಹೆಸರೊಂದನ್ನು ಕಳಿಸಿ, ಆ ಸಲ ಹತ್ತುವಾಗ ಅದನ್ನು ನಾನು ಹೊತ್ತು ಹೋಗುತ್ತೇನೆ ಅಂದಿದ್ದೆ. ಪುಟ್ಟ ಚೀಟಿಗಳಲ್ಲಿ ಹೆಸರು ಬರೆದು ಸೊಂಟದ ಚೀಲದಲ್ಲಿ ಇಟ್ಟುಕೊಂಡೆ. ದುಬೈನಿಂದ ಒಬ್ಬರು ತಂದೆಯ ಹೆಸರು ಕಳಿಸಿ, ಕೆಳಗೆ ಒಂದು ಸಾಲು ಸೇರಿಸಿದ್ದರು: "ನಂದಿ ಹತ್ರ ಒಂದು ನಿಮಿಷ ಕೂತ್ಕೊಳ್ಳಿ. ಅಪ್ಪ ಅಲ್ಲಿ ಕೂತು ಕಡ್ಲೇಕಾಯಿ ತಿಂದೇ ಮುಂದೆ ಹೋಗ್ತಿದ್ದದ್ದು." ಏಳುನೂರು ಮೆಟ್ಟಿಲ ಹತ್ತಿರ ನಂದಿ ಇದೆಯಲ್ಲ, ಅಲ್ಲಿ ಕೂತೆ. ಕಡ್ಲೇಕಾಯಿಯನ್ನೂ ತಿಂದೆ. ಫೋಟೋ ಕಳಿಸಿದೆ. ಅವರ ಅಣ್ಣ, ತಂಗಿ, ಚಿಕ್ಕಪ್ಪ ಎಲ್ಲರೂ ಅದೇ ಸಂಜೆ ಒಂದೊಂದು ಸಲದ ಹತ್ತುವಿಕೆ ತೆಗೆದುಕೊಂಡರು.

ಕಾಲನ್ನು ಸಿದ್ಧ ಮಾಡುವುದು

ಪಿ.ಟಿ. ಟೀಚರಾಗಿ ಹೇಳುತ್ತೇನೆ, ಹತ್ತುವುದು ಎದೆಯನ್ನು ಪರೀಕ್ಷಿಸುತ್ತದೆ, ಕಾಲು ಮುರಿಯುವುದು ಇಳಿಯುವಾಗ. ಇಳಿಯುವ ಪ್ರತಿ ಹೆಜ್ಜೆಯಲ್ಲೂ ತೊಡೆಯ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಾಕಬೇಕು. ಅದರಿಂದ ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುತ್ತದೆ. ನೋವು ಅವತ್ತಲ್ಲ, ಮಾರನೇ ದಿನ, ಅದರ ಮಾರನೇ ದಿನ. ಒಳ್ಳೆಯ ಸುದ್ದಿ ಏನೆಂದರೆ ಇಳಿಯುವ ಅಭ್ಯಾಸವನ್ನು ಸ್ವಲ್ಪ ಸ್ವಲ್ಪವೇ ಮಾಡಿದರೆ ಸ್ನಾಯು ಬೇಗ ಕಲಿಯುತ್ತದೆ, ಮುಂದಿನ ಸಲ ಅದೇ ಇಳಿಜಾರು ಅಷ್ಟು ನೋಯಿಸುವುದಿಲ್ಲ. ಹಾಗಾಗಿ ಮೂರು ನಾಲ್ಕು ತಿಂಗಳು ಮುಂಚೆ ಶುರು ಮಾಡಿ. ವಾರಕ್ಕೆ ಒಂದು ದಿನ ಉದ್ದದ ಅಭ್ಯಾಸ, ಎರಡು ದಿನ ಸಣ್ಣದು, ನಡುವೆ ವಿಶ್ರಾಂತಿ. ಮನೆಯಲ್ಲಿ ಒಂದು ಮೆಟ್ಟಿಲ ಮೇಲೆ ನಿಂತು, ಒಂದು ಕಾಲನ್ನು ನಿಧಾನಕ್ಕೆ, ಐದು ಎಣಿಸುವಷ್ಟು ಹೊತ್ತು ಕೆಳಕ್ಕೆ ಇಳಿಸಿ. ಎರಡೂ ಕಾಲಿಗೆ ಹತ್ತು ಹತ್ತು ಸಲ. ಕೊನೆಯ ಎರಡು ವಾರ ಕಡಿಮೆ ಮಾಡಿ.

ನಲವತ್ತು ದಾಟಿದವರು, ಬಿಪಿ, ಶುಗರ್ ಇರುವವರು ಡಾಕ್ಟರ ಹತ್ತಿರ ಹೋಗದೆ ಶುರು ಮಾಡಲೇಬೇಡಿ. ಬರಿಗಾಲಿನ ಹರಕೆ ಬೇರೆ, ಇಡೀ ದಿನಕ್ಕೆ ಹಿಡಿತ ಇರುವ ಶೂ ಬೇಕು, ಮಧ್ಯಾಹ್ನ ಕಲ್ಲು ಕಾದಿರುತ್ತದೆ. ಕಾಲುಗುರು ಮೂರು ದಿನ ಮುಂಚೆ ಕತ್ತರಿಸಿ, ಇಳಿಯುವಾಗ ಬೆರಳು ಶೂ ತುದಿಗೆ ಒತ್ತುತ್ತದೆ. ಬೆರಳ ಸಂದಿಗೆ ವ್ಯಾಸಲೀನ್. ಎರಡು ಜೊತೆ ಒಣ ಕಾಲುಚೀಲ.

ನೀರಿನ ವಿಷಯದಲ್ಲಿ ಜನ ಎರಡೂ ಕಡೆ ತಪ್ಪುತ್ತಾರೆ. ಕುಡಿಯದೆ ಬಳಲುವುದು ಎಲ್ಲರಿಗೂ ಗೊತ್ತು. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಪ್ರಾಣಕ್ಕೇ ಅಪಾಯ ಆಗಬಹುದು ಅನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ. ಬಾಯಾರಿದಷ್ಟು ಕುಡಿಯಿರಿ, ಜೊತೆಗೆ ಉಪ್ಪು ಹೋಗಲಿ. ಓಆರ್‌ಎಸ್ ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು, ಎರಡೂ ಚಮಚದ ಅಂಚಿನ ಮಟ್ಟಕ್ಕೆ, ಗುಡ್ಡೆಯಾಗದ ಹಾಗೆ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಸೋಡಿಯಂ ಕಡಿಮೆ, ಅದೊಂದನ್ನೇ ನಂಬಬೇಡಿ. ನನಗೆ ಹಿಡಿಸಿದ್ದು ಉಪ್ಪು ಹಾಕಿದ ನೀರು ಮಜ್ಜಿಗೆ, ಬಾಳೆಹಣ್ಣು, ಕಡ್ಲೆಮಿಠಾಯಿ, ಮಧ್ಯಾಹ್ನ ನಾಲ್ಕು ತುತ್ತು ಮೊಸರನ್ನ. ಅವತ್ತು ಹೊಸ ತಿಂಡಿ ಯಾವುದನ್ನೂ ಬಾಯಿಗೆ ಹಾಕಬೇಡಿ. ಒಂದು ತೂಕದ ಯಂತ್ರ ಇಟ್ಟುಕೊಳ್ಳಿ. ಬೆಳಗಿಗಿಂತ ತೂಕ ಜಾಸ್ತಿ ಆಗಿದ್ದರೆ ನೀರು ಹೆಚ್ಚಾಗಿದೆ ಅಂತಲೇ ಅರ್ಥ.

ನೋವಿನ ಮಾತ್ರೆ ನುಂಗಿ ಮುಂದುವರಿಯಬೇಡಿ. ಐಬುಪ್ರೊಫೆನ್ ಥರದವು ದಣಿದು ಬೆವರಿದ ದೇಹದಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಎದೆನೋವು, ಮಾತು ತೊದಲುವುದು, ದಿಕ್ಕು ತಪ್ಪಿದ ಹಾಗೆ ಆಗುವುದು, ಕೋಲಾ ಬಣ್ಣದ ಮೂತ್ರ, ಇವುಗಳಲ್ಲಿ ಒಂದು ಕಂಡರೂ ನಿಲ್ಲಿಸಿ ನೇರ ಆಸ್ಪತ್ರೆಗೆ. ಈ ಪಟ್ಟಿಯನ್ನು ಜೊತೆಗಿರುವವರ ಕೈಗೆ ಬರೆದು ಕೊಡಿ. ನಿಲ್ಲಿಸು ಅನ್ನುವ ಅಧಿಕಾರ ಅವರದ್ದೇ, ನಿಮ್ಮದಲ್ಲ.

ಆ ದಿನ

ಆಷಾಢ ಶುಕ್ರವಾರ, ದಸರಾ, ಭಾನುವಾರ ಬೇಡವೇ ಬೇಡ. ಭಕ್ತರ ದಾರಿಗೆ ನಾವು ಅಡ್ಡ ಆಗಬಾರದು. ನವೆಂಬರ್‌ನಿಂದ ಜನವರಿವರೆಗಿನ ಒಂದು ವಾರದ ದಿನ ಸರಿ. ಬೆಟ್ಟ ಅರಣ್ಯ ಪ್ರದೇಶ, ಚಿರತೆ ಕಾಣಿಸಿಕೊಂಡ ಜಾಗ, ಹಾಗಾಗಿ ಕತ್ತಲಲ್ಲಿ ಹತ್ತುವುದು ಬೇಡ. ಅರಣ್ಯ ಇಲಾಖೆಗೂ ಪೊಲೀಸ್ ಠಾಣೆಗೂ ಒಂದೊಂದು ಪತ್ರ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಶುರುವಿನ ಮೆಟ್ಟಿಲುಗಳೇ ಕಡಿದು, ಅಲ್ಲಿ ಮಾತಾಡಬೇಡಿ, ಉಸಿರು ನೋಡಿಕೊಳ್ಳಿ. ನಂದಿ ಹತ್ತಿರ ರಸ್ತೆ ಸಿಗುತ್ತದೆ, ಕಾರು ಬರುತ್ತದೆ. ನೀರು, ಬಟ್ಟೆ, ಔಷಧಿ ಎಲ್ಲ ಅಲ್ಲಿಟ್ಟರೆ ಮೇಲೆ ಕೆಳಗೆ ಹೊರುವ ಕೆಲಸ ಇಲ್ಲ. ತಿಂಡಿ ಚೀಲಕ್ಕೆ ಜಿಪ್ ಇರಲಿ, ಕೋತಿಗಳು ಬಿಡುವುದಿಲ್ಲ.

ಫೋನ್ ನೋಡಿಕೊಳ್ಳಲು ಒಬ್ಬರು ಬೇರೆ ಇರಬೇಕು. ನನಗೆ ತಂಗಿ ಇದ್ದಳು. ಪ್ರತಿ ಸಲ ಹತ್ತಿ ಮುಗಿದ ಕೂಡಲೇ ಒಂದು ಫೋಟೋ, ಒಂದು ಸಾಲು, ಎಷ್ಟು ಮೆಟ್ಟಿಲಿಗೆ ಇನ್ನೂ ಹೆಸರಿಲ್ಲ ಅನ್ನುವ ಲೆಕ್ಕ. ಮಧ್ಯಾಹ್ನ ಎರಡರಿಂದ ನಾಲ್ಕು ದೇಹವೂ ಕುಗ್ಗುತ್ತದೆ, ದೇಣಿಗೆಯೂ ನಿಲ್ಲುತ್ತದೆ. ಲೈವ್ ಮಾಡಲು ಅದೇ ಸರಿಯಾದ ಹೊತ್ತು. ಚೆನ್ನಾಗಿ ಕಾಣಬೇಕಿಲ್ಲ. ಬೆವರು ಒರೆಸಿಕೊಂಡು, ಕೈಯಲ್ಲಿರುವ ಚೀಟಿ ಯಾರ ಹೆಸರಿನದ್ದು ಅಂತ ಹೇಳಿ ಮುಂದಿನ ಮೆಟ್ಟಿಲು ಹತ್ತಿ.

ಆಮೇಲೆ

ಕಾಲು ನೋವು ಇಳಿಯುವ ಮುಂಚೆಯೇ ಲೆಕ್ಕ ಹಾಕಿ. ಪುಟದಲ್ಲಿ ಒಟ್ಟು ಎಷ್ಟು ಬಂತು, ವೇದಿಕೆ ಎಷ್ಟು ಹಿಡಿದುಕೊಂಡಿತು, ಸಂಸ್ಥೆಗೆ ಎಷ್ಟು ಮುಟ್ಟಿತು, ಈ ಮೂರೂ ಸಂಖ್ಯೆ ಸಾರ್ವಜನಿಕವಾಗಿ ಹಾಕಿ, ಸಂಸ್ಥೆಯ ಪತ್ರದ ಜೊತೆಗೆ. ಶೂ, ಪೆಟ್ರೋಲ್, ಬ್ಯಾನರ್ ಖರ್ಚು ದೇಣಿಗೆಯಿಂದ ಒಂದು ರೂಪಾಯಿಯೂ ಬೇಡ, ನಿಮ್ಮ ಜೇಬಿನಿಂದ. ಕೊಟ್ಟ ಪ್ರತಿಯೊಬ್ಬರಿಗೂ, ಹತ್ತು ರೂಪಾಯಿ ಕೊಟ್ಟ ಮಗುವಿಗೂ, ಹೆಸರು ಹಿಡಿದು ಧನ್ಯವಾದ ಹೇಳಿ. ಮಗುವಿಗೆ ಅದರ ಹತ್ತು ಮೆಟ್ಟಿಲು ಯಾವುವು ಅಂತಲೂ ಹೇಳಿ, ಮುಂದಿನ ಸಲ ಬೆಟ್ಟಕ್ಕೆ ಹೋದಾಗ ಅದು ಎಣಿಸುತ್ತದೆ.

ಆರು ತಿಂಗಳಾದ ಮೇಲೆ ಸಂಸ್ಥೆಗೆ ಹೋಗಿ, ಹಣ ಏನಾಯಿತು ಅಂತ ಕೇಳಿ ಮತ್ತೊಂದು ಪೋಸ್ಟ್ ಹಾಕಿ. ಹೆಚ್ಚಿನವರು ಈ ಕೆಲಸ ಬಿಟ್ಟುಬಿಡುತ್ತಾರೆ. ನಾನು ಹೋದಾಗ ಅವರು ಹೊಸ ಏರ್ ಬೆಡ್‌ಗಳ ರಿಜಿಸ್ಟರ್ ತೋರಿಸಿದರು. ಯಾವ ಬೆಡ್ ಯಾವ ಬಡಾವಣೆಯ ಮನೆಗೆ ಹೋಗಿದೆ, ಯಾವಾಗ ವಾಪಸ್ ಬಂತು, ಯಾವಾಗ ತೊಳೆದು ಮುಂದಿನ ಮನೆಗೆ ಹೋಯಿತು, ಎಲ್ಲ ಸಾಲು ಸಾಲಾಗಿ ಇತ್ತು. ಮನೆಯವರ ಹೆಸರು ಮುಚ್ಚಿ ಆ ಹಾಳೆಯ ಫೋಟೋ ಹಾಕಿದೆ. ಮುಂದಿನ ಸಲ ಹತ್ತುವುದು ಯಾವಾಗ ಅಂತ ಕೇಳಿದ ಮೊದಲ ಮೆಸೇಜು ಬಂದದ್ದು ಅದರ ಕೆಳಗೇ.